ಲ್ಯಾಪ್‌ಟಾಪ್ ಎಸ್‌ಎಸ್‌ಡಿಗಳ ಅಧಿಕ ಉಷ್ಣತೆ

ಲ್ಯಾಪ್‌ಟಾಪ್‌ನಲ್ಲಿ ಮಾಹಿತಿ ಸಂಗ್ರಹಿಸುವ ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ, ತನ್ನದೇ ಕೆಲಸದ ಹೊರೆಯಿಂದಲೋ ಅಕ್ಕಪಕ್ಕದ ಭಾಗಗಳ ಬಿಸಿಯಿಂದಲೋ ತಯಾರಕರು ಗೊತ್ತುಮಾಡಿದ ಮಿತಿಯ ಹತ್ತಿರಕ್ಕೆ ಬರುವ ಅಥವಾ ಅದನ್ನು ದಾಟುವ ಸ್ಥಿತಿ. ಸಾಮಾನ್ಯ ಬಳಕೆಯ ಹೆಚ್ಚಿನ ಎಸ್‌ಎಸ್‌ಡಿಗಳಿಗೆ ಕೆಲಸದ ವೇಳೆಯ ಉಷ್ಣತೆ 0ಯಿಂದ 70 ಡಿಗ್ರಿ ಸೆಲ್ಸಿಯಸ್ ಎಂದು ನಿಗದಿಯಾಗಿರುತ್ತದೆ. ಸುಮ್ಮನಿದ್ದಾಗ 35ರಿಂದ 50 ಡಿಗ್ರಿ, ದೊಡ್ಡ ಕೆಲಸ ಹೊತ್ತಾಗ 60ರಿಂದ 75 ಡಿಗ್ರಿ ಕಾಣುವುದು ಲ್ಯಾಪ್‌ಟಾಪ್‌ಗಳಲ್ಲಿ ಅಪರೂಪವಲ್ಲ. ಬಿಸಿ ಮಿತಿ ಮೀರಿದಾಗ ಡ್ರೈವ್ ಮೊದಲು ಬಿಟ್ಟುಕೊಡುವುದು ವೇಗವನ್ನು. ಡೇಟಾಗೆ ಅಪಾಯ ಬರುವುದು ಬಹಳ ತಡವಾಗಿ, ಅದೂ ಹಲವು ಸಲ ಬಳಕೆದಾರ ಎಣಿಸದ ಕಡೆಯಿಂದ. ಆದ್ದರಿಂದ ಪರದೆಯ ಮೇಲಿನ ಅಂಕಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಲಾಗದು. ಆ ಬಿಸಿ ಯಾವ ಭಾಗದ್ದು, ಎಷ್ಟು ಹೊತ್ತು ನಿಂತಿತು, ಆಗ ಡ್ರೈವ್‌ಗೆ ವಿದ್ಯುತ್ ಇತ್ತೇ ಎಂಬ ಮೂರನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಹಿನ್ನೆಲೆ

ಎಸ್‌ಎಸ್‌ಡಿಯ ಜೀವಾಳ ಫ್ಲ್ಯಾಶ್ ಮೆಮೊರಿ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕಾ ಇದರ ಮೊದಲ ರೂಪವನ್ನು 1984ರಲ್ಲಿ, ಇಂದಿನ ಡ್ರೈವ್‌ಗಳಲ್ಲಿರುವ ನ್ಯಾಂಡ್ ರೂಪವನ್ನು 1987ರಲ್ಲಿ ಲೋಕದ ಮುಂದಿಟ್ಟರು. ಲ್ಯಾಪ್‌ಟಾಪ್‌ಗಳಲ್ಲಿ ಫ್ಲ್ಯಾಶ್ ಸಂಗ್ರಹ ಜನರ ಕೈಗೆ ಸಿಕ್ಕಿದ್ದು ಎರಡು ದಶಕಗಳ ಮೇಲೆ. 2007ರ ಆಸುಸ್ ಈ ಪಿಸಿ ಎಂಬ ಪುಟ್ಟ ಯಂತ್ರದಲ್ಲಿ ಕೆಲವೇ ಗಿಗಾಬೈಟ್ ಫ್ಲ್ಯಾಶ್ ಇತ್ತು. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ 64 ಗಿಗಾಬೈಟಿನ ಎಸ್‌ಎಸ್‌ಡಿಯನ್ನು ಹೆಚ್ಚಿನ ಹಣ ತೆತ್ತು ಪಡೆಯಬಹುದಿತ್ತು.

ಆ ಕಾಲದಲ್ಲಿ ಎಸ್‌ಎಸ್‌ಡಿ ತಣ್ಣಗಿನ ವಸ್ತುವೆಂದೇ ಹೆಸರಾಗಿತ್ತು. ತಿರುಗುವ ತಟ್ಟೆಯಿಲ್ಲ, ಮೋಟಾರಿಲ್ಲ, ಸದ್ದಿಲ್ಲ. ಸಾಟಾ ಸಂಪರ್ಕದ ಡ್ರೈವ್‌ಗಳು ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ಗಿಂತ ಮುಂದೆ ಹೋಗಲಾರದೆ, ದುಡಿಯುವಾಗಲೂ ಎರಡು ಮೂರು ವ್ಯಾಟ್ ವಿದ್ಯುತ್ತಿನಲ್ಲಿ ಮುಗಿಸುತ್ತಿದ್ದವು. ಎರಡೂವರೆ ಇಂಚಿನ ಅವುಗಳ ಹೊರಕವಚ ಎಷ್ಟೋ ಸಲ ಲೋಹದ್ದು. ಹುಟ್ಟಿದ ಅಲ್ಪಸ್ವಲ್ಪ ಬಿಸಿಯನ್ನು ಹರಡಲು ಅಷ್ಟು ಸಾಕಾಗುತ್ತಿತ್ತು.

ಚಿತ್ರ ಬದಲಾದದ್ದು ಎರಡು ಮಾನದಂಡಗಳಿಂದ. 2011ರಲ್ಲಿ ಫ್ಲ್ಯಾಶ್‌ಗಾಗಿಯೇ ರೂಪಿಸಿದ ಎನ್‌ವಿಎಂಇ ಸಂವಹನ ಕ್ರಮದ ಮೊದಲ ಆವೃತ್ತಿ ಬಂತು. 2013ರಲ್ಲಿ ಎಂ.2 ಎಂಬ ತೆಳು ಪಟ್ಟಿಯ ಆಕಾರ ನಿಗದಿಯಾಯಿತು. ಡ್ರೈವ್ ತನ್ನ ಪೆಟ್ಟಿಗೆಯನ್ನು ಕಳಚಿಟ್ಟು, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಬರಿಯ ಸರ್ಕಿಟ್ ಪಟ್ಟಿಯಾಗಿ ಮದರ್‌ಬೋರ್ಡಿನ ಮೇಲೆ ಮಲಗಿತು. ಅದೇ ಹೊತ್ತಿಗೆ ಪಿಸಿಐಇ ಸಂಪರ್ಕದ ಪ್ರತಿ ಹೊಸ ಪೀಳಿಗೆ ಹಿಂದಿನದಕ್ಕಿಂತ ಎರಡರಷ್ಟು ವೇಗ ಕೊಟ್ಟಿತು. ನಾಲ್ಕು ಹಾದಿಗಳ ಮೂರನೇ ಪೀಳಿಗೆಯಲ್ಲಿ ಸೆಕೆಂಡಿಗೆ ಸುಮಾರು 3,500 ಮೆಗಾಬೈಟ್, ನಾಲ್ಕನೆಯದರಲ್ಲಿ ಸುಮಾರು 7,000, ಐದನೆಯದರಲ್ಲಿ 14,000ದ ಆಸುಪಾಸು. ಕೆಲಸ ಹಲವು ಪಟ್ಟು ಹೆಚ್ಚಿತು, ಮೈ ಮಾತ್ರ ಚಿಕ್ಕದಾಯಿತು. ಇಂದಿನ ಬಿಸಿಯ ಸಮಸ್ಯೆಯ ಬೇರು ಇಲ್ಲಿದೆ. 2016ರಲ್ಲಿ ಸ್ಯಾಮ್‌ಸಂಗ್ ತನ್ನ 960 ಪ್ರೊ ಡ್ರೈವ್‌ನ ಹೆಸರುಚೀಟಿಯೊಳಗೆ ತಾಮ್ರದ ತೆಳುಪದರ ಸೇರಿಸಿದ್ದು ಈ ಇಕ್ಕಟ್ಟಿಗೆ ಸಿಕ್ಕ ಮೊದಮೊದಲ ಉತ್ತರಗಳಲ್ಲಿ ಒಂದು.

ಶಾಖ ಹುಟ್ಟುವ ಬಗೆ

ಎಂ.2 ಪಟ್ಟಿಯ ಮೇಲೆ ಮುಖ್ಯವಾಗಿ ಕಾಣುವುದು ಕಂಟ್ರೋಲರ್ ಎಂಬ ಚೌಕ ಚಿಪ್ ಮತ್ತು ಅದಕ್ಕಿಂತ ದೊಡ್ಡ ಒಂದೆರಡು ನ್ಯಾಂಡ್ ಚಿಪ್‌ಗಳು. ಕೆಲವು ಡ್ರೈವ್‌ಗಳಲ್ಲಿ ಡಿರ್‍ಯಾಮ್ ಎಂಬ ತಾತ್ಕಾಲಿಕ ಮೆಮೊರಿಯ ಚಿಪ್ ಕೂಡ ಇರುತ್ತದೆ. ಇವೆಲ್ಲಕ್ಕೂ ವಿದ್ಯುತ್ ಹಂಚುವ ಸಣ್ಣ ನಿಯಂತ್ರಕ ಒಂದು ಮೂಲೆಯಲ್ಲಿರುತ್ತದೆ.

ಇವುಗಳಲ್ಲಿ ಹೆಚ್ಚು ಬಿಸಿಯಾಗುವುದು ಕಂಟ್ರೋಲರ್. ಅದು ಸ್ವತಃ ಹಲವು ಕೋರ್‌ಗಳ ಪ್ರೊಸೆಸರ್. ಯಾವ ಕಡತದ ಯಾವ ತುಂಡು ಯಾವ ಕೋಶದಲ್ಲಿದೆ ಎಂಬ ನಕ್ಷೆ ಇಡುವುದು, ಓದಿದ ಪ್ರತಿ ತುಂಡಿನ ತಪ್ಪು ತಿದ್ದುವುದು, ಗೂಢಲಿಪಿಗೆ ತಿರುಗಿಸುವುದು, ಸವೆತವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುವುದು, ಎಲ್ಲವೂ ಅದರ ಪಾಲಿನ ಕೆಲಸ. ನ್ಯಾಂಡ್ ಚಿಪ್‌ಗಳು ಓದುವಾಗ ಅಷ್ಟಾಗಿ ಕಾಯುವುದಿಲ್ಲ. ಬರೆಯುವಾಗ ಮತ್ತು ಅಳಿಸುವಾಗ, ಡ್ರೈವ್‌ಗೆ ಬರುವ 3.3 ವೋಲ್ಟ್ ವಿದ್ಯುತ್ತನ್ನು ಚಿಪ್‌ನ ಒಳಗೇ 20 ವೋಲ್ಟಿನ ಆಸುಪಾಸಿಗೆ ಏರಿಸಬೇಕಾಗುವುದರಿಂದ ಅವೂ ಬಿಸಿಯಾಗುತ್ತವೆ.

ನಾಲ್ಕನೇ ಪೀಳಿಗೆಯ ವೇಗದ ಡ್ರೈವ್ ಪೂರ್ತಿ ಹೊರೆಯಲ್ಲಿ ಐದರಿಂದ ಎಂಟು ವ್ಯಾಟ್ ಬಳಸುತ್ತದೆ. ಐದನೇ ಪೀಳಿಗೆಯ ಮೊದಲ ಡ್ರೈವ್‌ಗಳಲ್ಲಿ ಇದು ಹತ್ತು ವ್ಯಾಟ್ ದಾಟಿತು. ಅದೇ ಡ್ರೈವ್ ಗಾಢ ನಿದ್ರೆಯ ಸ್ಥಿತಿಗೆ ಇಳಿದಾಗ ಬಳಸುವುದು ಕೆಲವೇ ಮಿಲಿವ್ಯಾಟ್. ಬರಿಯ ಎಂ.2 ಡ್ರೈವ್ ಎಷ್ಟು ಬೇಗ ಕಾಯುತ್ತದೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಡ್ರೈವ್‌ನ ತೂಕ 8 ಗ್ರಾಂ ಎಂದಿರಲಿ. ಅದರಲ್ಲಿರುವ ವಸ್ತುಗಳ ಒಂದು ಗ್ರಾಮನ್ನು ಒಂದು ಡಿಗ್ರಿ ಬಿಸಿ ಮಾಡಲು ಸರಾಸರಿ 0.9 ಜೂಲ್ ಬೇಕೆಂದರೆ, ಇಡೀ ಡ್ರೈವ್‌ಗೆ 7 ಜೂಲ್‌ನಷ್ಟು ಸಾಕು. 6 ವ್ಯಾಟ್ ಎಂದರೆ ಸೆಕೆಂಡಿಗೆ 6 ಜೂಲ್. ಶಾಖ ಎಲ್ಲಿಗೂ ಹೋಗದಿದ್ದರೆ ಸೆಕೆಂಡಿಗೆ ಸುಮಾರು 0.8 ಡಿಗ್ರಿಯಂತೆ ಏರಿ, 40ರಲ್ಲಿದ್ದ ಡ್ರೈವ್ ಒಂದು ನಿಮಿಷದೊಳಗೆ 80 ಮುಟ್ಟುತ್ತದೆ. ವಾಸ್ತವದಲ್ಲಿ ಸ್ವಲ್ಪ ಶಾಖ ಗಾಳಿಗೂ ಮದರ್‌ಬೋರ್ಡಿಗೂ ಹೋಗುವುದರಿಂದ ಏರಿಕೆ ಇದಕ್ಕಿಂತ ನಿಧಾನ. ಆದರೆ ಬಿಸಿಯ ಬಹುಪಾಲು ಕಂಟ್ರೋಲರ್‌ನ ಚಿಕ್ಕ ಚೌಕದಲ್ಲೇ ಹುಟ್ಟುವುದರಿಂದ ಆ ಜಾಗ ಉಳಿದ ಪಟ್ಟಿಗಿಂತ ಮುಂಚೆ ಕಾಯುತ್ತದೆ.

ಎಲ್ಲ ನಕಲೂ ಒಂದೇ ಸಮನೆ ಬಿಸಿ ಮಾಡುವುದಿಲ್ಲ. ಮದುವೆಯ ವಿಡಿಯೊ ತೆಗೆದವರು ಕ್ಯಾಮೆರಾದ ಕಾರ್ಡಿನಿಂದ 200 ಗಿಗಾಬೈಟ್ ಇಳಿಸಿಕೊಳ್ಳುವಾಗ ವೇಗವನ್ನು ತೀರ್ಮಾನಿಸುವುದು ಕಾರ್ಡು. ಅದು ಸೆಕೆಂಡಿಗೆ 90 ಮೆಗಾಬೈಟ್ ಕೊಡುತ್ತಿದ್ದರೆ ಒಳಗಿನ ಎಸ್‌ಎಸ್‌ಡಿಗೆ ಅದು ಆಟದಷ್ಟು ಹಗುರ. ಅದೇ ಕಡತಗಳನ್ನು ಲ್ಯಾಪ್‌ಟಾಪಿನ ಒಂದು ಎನ್‌ವಿಎಂಇ ಡ್ರೈವ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ಎರಡೂ ಪೂರ್ತಿ ವೇಗದಲ್ಲಿ ದುಡಿದು ಎರಡೂ ಕಾಯುತ್ತವೆ. ನಕಲು ಮುಗಿದ ಮೇಲೂ ಡ್ರೈವ್ ಸ್ವಲ್ಪ ಹೊತ್ತು ಬಿಸಿಯಾಗಿಯೇ ಇರುವುದುಂಟು. ಮೊದಲು ಒಂದು ಕೋಶಕ್ಕೆ ಒಂದೇ ಬಿಟ್‌ನಂತೆ ಅವಸರದಲ್ಲಿ ಬರೆದಿಟ್ಟದ್ದನ್ನು, ಬಿಡುವಾದಾಗ ಕೋಶಕ್ಕೆ ಮೂರು ಅಥವಾ ನಾಲ್ಕು ಬಿಟ್‌ನಂತೆ ಒತ್ತಾಗಿ ಮತ್ತೆ ಬರೆಯುವ ಹಿನ್ನೆಲೆ ಕೆಲಸ ಆಗ ನಡೆಯುತ್ತಿರುತ್ತದೆ.

ಲ್ಯಾಪ್‌ಟಾಪಿನ ಒಳಗಿನ ಇಕ್ಕಟ್ಟು

ಮೇಜಿನ ಮೇಲಿನ ಗಣಕದಲ್ಲಿ ಎಂ.2 ಡ್ರೈವ್‌ನ ಮೇಲೆ ಲೋಹದ ಹೀಟ್‌ಸಿಂಕ್ ಕೂರಿಸಲು ಎತ್ತರವಿದೆ, ಪೆಟ್ಟಿಗೆಯೊಳಗೆ ಗಾಳಿ ಓಡಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಎರಡಕ್ಕೂ ಜಾಗವಿಲ್ಲ. ಡ್ರೈವ್‌ಗೂ ತಳಮುಚ್ಚಳಕ್ಕೂ ನಡುವೆ ಉಳಿಯುವುದು ಒಂದೆರಡು ಮಿಲಿಮೀಟರ್. ಅಲ್ಲಿ ನಿಂತ ಗಾಳಿ ಶಾಖವನ್ನು ಸಾಗಿಸುವ ಬದಲು ಕಂಬಳಿಯಂತೆ ಹಿಡಿದಿಡುತ್ತದೆ. ಫ್ಯಾನುಗಳಿದ್ದರೂ ಅವುಗಳ ಗಾಳಿ ಮುಖ್ಯ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳ ತಾಮ್ರದ ಕೊಳವೆಗಳತ್ತ ಹೋಗುತ್ತದೆ. ಎಸ್‌ಎಸ್‌ಡಿಯ ಪಾಲಿಗೆ ಉಳಿದದ್ದು ಸಿಕ್ಕರೆ ಸಿಕ್ಕಿತು. ಫ್ಯಾನಿಲ್ಲದ ತೆಳು ಮಾದರಿಗಳಲ್ಲಿ ಅದೂ ಇಲ್ಲ.

ನೆರೆಹೊರೆಯ ಬಿಸಿಯೂ ಸಣ್ಣದಲ್ಲ. ಆಟ ಆಡುವಾಗ ಗ್ರಾಫಿಕ್ಸ್ ಚಿಪ್ ಹೊರಹಾಕುವ ಶಾಖದ ಮುಂದೆ ಎಸ್‌ಎಸ್‌ಡಿಯ ಆರು ವ್ಯಾಟ್ ಲೆಕ್ಕಕ್ಕೇ ಬಾರದು. ಎಂ.2 ಸ್ಲಾಟ್ ತಾಮ್ರದ ಕೊಳವೆಯ ಪಕ್ಕದಲ್ಲಿದ್ದರೆ, ಡ್ರೈವ್ ಏನೂ ಕೆಲಸ ಮಾಡದಿದ್ದರೂ 60 ಡಿಗ್ರಿ ತೋರಿಸಬಹುದು. ಎರಡು ಸ್ಲಾಟ್‌ಗಳಿರುವ ಯಂತ್ರಗಳಲ್ಲಿ ಒಂದೇ ಮಾದರಿಯ ಎರಡು ಡ್ರೈವ್‌ಗಳು ಹತ್ತು ಡಿಗ್ರಿ ಅಂತರದಲ್ಲಿರುವುದಕ್ಕೆ ಇದೇ ಕಾರಣ.

ಡ್ರೈವ್‌ನ ರಚನೆಯೂ ಲೆಕ್ಕಕ್ಕೆ ಬರುತ್ತದೆ. ಕೆಲವು ಡ್ರೈವ್‌ಗಳಲ್ಲಿ ಚಿಪ್‌ಗಳು ಒಂದೇ ಬದಿಯಲ್ಲಿರುತ್ತವೆ, ಹೆಚ್ಚು ಸಾಮರ್ಥ್ಯದ ಕೆಲವುಗಳಲ್ಲಿ ಎರಡೂ ಬದಿ. ಕೆಳಬದಿಯ ಚಿಪ್‌ಗಳು ಮದರ್‌ಬೋರ್ಡಿಗೆ ಮುಖಮಾಡಿ ಕೂತಿರುವುದರಿಂದ ಅವನ್ನು ತಣಿಸುವುದು ಕಷ್ಟ. ತೆಳು ಲ್ಯಾಪ್‌ಟಾಪ್‌ಗಳು ಎಷ್ಟೋ ಸಲ ಒಂದೇ ಬದಿಯ ಡ್ರೈವ್‌ಗೆ ಮಾತ್ರ ಜಾಗ ಕೊಡುತ್ತವೆ. 30 ಮಿಲಿಮೀಟರ್ ಉದ್ದದ 2230 ಅಳತೆಯ ಪುಟ್ಟ ಡ್ರೈವ್‌ಗಳಲ್ಲಿ ಶಾಖ ಹರಡಲು ಸಿಗುವ ಮೇಲ್ಮೈ ಇನ್ನೂ ಕಡಿಮೆ. ಆಪಲ್‌ನ ಎಂ ಸರಣಿಯ ಲ್ಯಾಪ್‌ಟಾಪ್‌ಗಳದು ಬೇರೆಯೇ ದಾರಿ. ಅಲ್ಲಿ ಕಂಟ್ರೋಲರ್ ಮುಖ್ಯ ಚಿಪ್‌ನೊಳಗೇ ಇದ್ದು, ನ್ಯಾಂಡ್ ಚಿಪ್‌ಗಳನ್ನು ಮದರ್‌ಬೋರ್ಡಿಗೆ ಬೆಸೆಯಲಾಗಿರುತ್ತದೆ. ಬಿಸಿಯ ಎರಡು ಮೂಲಗಳು ಹೀಗೆ ಎರಡು ಜಾಗಗಳಿಗೆ ಹಂಚಿಹೋಗುತ್ತವೆ.

ಮಿತಿಗಳು ಮತ್ತು ವೇಗಕಡಿತ

ಪ್ರತಿ ಎನ್‌ವಿಎಂಇ ಡ್ರೈವ್‌ಗೆ ಎರಡು ಮಿತಿಗಳನ್ನು ತಯಾರಕರು ಫರ್ಮ್‌ವೇರ್‌ನಲ್ಲಿ ಬರೆದಿಟ್ಟಿರುತ್ತಾರೆ. ಒಂದು ಎಚ್ಚರಿಕೆಯ ಉಷ್ಣತೆ, ಇನ್ನೊಂದು ಗಂಭೀರ ಉಷ್ಣತೆ. ಇವು ಮಾದರಿಯಿಂದ ಮಾದರಿಗೆ ಬೇರೆ. ಸಾಮಾನ್ಯವಾಗಿ 80 ಡಿಗ್ರಿಯ ಆಚೀಚೆ ಇರುತ್ತವೆ. ಮೊದಲ ಮಿತಿಯ ಹತ್ತಿರ ಬಂದಾಗ ಡ್ರೈವ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಕಂಟ್ರೋಲರ್‌ನ ಗಡಿಯಾರದ ಬಡಿತ ಇಳಿಯುತ್ತದೆ, ಒಮ್ಮೆಗೆ ದುಡಿಯುವ ನ್ಯಾಂಡ್ ಚಿಪ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ, ಆಜ್ಞೆಗಳ ನಡುವೆ ಬಿಡುವು ಸೇರುತ್ತದೆ. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎಂದು ಹೆಸರು. ತಣ್ಣಗಾದ ಕೂಡಲೇ ವೇಗ ಮರಳುತ್ತದೆ, ಮತ್ತೆ ಬಿಸಿಯಾದರೆ ಮತ್ತೆ ಇಳಿಯುತ್ತದೆ. ದೊಡ್ಡ ನಕಲಿನ ವೇಳೆ ಪರದೆಯ ಮೇಲಿನ ವೇಗದ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುವುದು ಇದರ ಗುರುತು. ಗೆರೆ ಒಮ್ಮೆ ಬಿದ್ದು ಅಲ್ಲೇ ಸಮತಟ್ಟಾಗಿ ಉಳಿದರೆ ಕಾರಣ ಬಿಸಿಯಲ್ಲದೆ, ಅವಸರದ ಬರವಣಿಗೆಗೆಂದು ಮೀಸಲಿಟ್ಟ ಜಾಗ ತುಂಬಿದ್ದೂ ಆಗಿರಬಹುದು.

2017ರಲ್ಲಿ ಬಂದ ಎನ್‌ವಿಎಂಇ 1.3 ಆವೃತ್ತಿ ಇದಕ್ಕೆ ಇನ್ನೊಂದು ಅನುಕೂಲ ಸೇರಿಸಿತು. ಲ್ಯಾಪ್‌ಟಾಪ್ ತಯಾರಕರು ತಮ್ಮ ಯಂತ್ರದ ಸ್ವಭಾವಕ್ಕೆ ತಕ್ಕಂತೆ, ಡ್ರೈವ್‌ನ ಮಿತಿಗಿಂತ ಕೆಳಗೇ ಎರಡು ಹಂತಗಳನ್ನು ಗೊತ್ತುಮಾಡಬಹುದು. ಮೊದಲ ಹಂತದಲ್ಲಿ ಲಘು ಕಡಿತ, ಎರಡನೆಯದರಲ್ಲಿ ಬಿರುಸಿನ ಕಡಿತ. ತಳಮುಚ್ಚಳ ತೊಡೆಗೆ ತಾಗುವಷ್ಟು ಬಿಸಿಯಾಗಬಾರದೆಂಬ ಕಾರಣಕ್ಕೂ ಈ ಹಂತಗಳನ್ನು ಕೆಳಗಿಡಲು ಸಾಧ್ಯ. ಒಂದೇ ಡ್ರೈವ್ ಒಂದು ಲ್ಯಾಪ್‌ಟಾಪಿನಲ್ಲಿ ಚುರುಕಾಗಿಯೂ ಇನ್ನೊಂದರಲ್ಲಿ ಮಂದವಾಗಿಯೂ ಇರಲು ಇದೂ ಒಂದು ಕಾರಣ.  

ವೇಗ ತಗ್ಗಿಸಿದರೂ ಬಿಸಿ ಇಳಿಯದೆ ಗಂಭೀರ ಮಿತಿ ದಾಟಿದರೆ ಡ್ರೈವ್ ತನ್ನನ್ನು ಉಳಿಸಿಕೊಳ್ಳಲು ಕೆಲಸ ನಿಲ್ಲಿಸಬಹುದು. ಆಗ ಗಣಕಕ್ಕೆ ಡ್ರೈವ್ ಇದ್ದಕ್ಕಿದ್ದಂತೆ ಕಾಣೆಯಾದಂತೆ ತೋರುತ್ತದೆ. ವಿಂಡೋಸ್‌ನಲ್ಲಿ ದೋಷದ ಪರದೆ ಬೀಳುತ್ತದೆ, ಮರುಪ್ರಾರಂಭಿಸಿದರೆ ಬೂಟ್ ಮಾಡಲು ಡ್ರೈವ್ ಸಿಗಲಿಲ್ಲವೆಂಬ ಸಂದೇಶ ಬರುತ್ತದೆ. ಹತ್ತು ನಿಮಿಷ ಬಿಟ್ಟು ಆನ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ನಡೆಯುತ್ತದೆ. 2023ರಲ್ಲಿ ಮಾರುಕಟ್ಟೆಗೆ ಬಂದ ಐದನೇ ಪೀಳಿಗೆಯ ಕೆಲವು ಡ್ರೈವ್‌ಗಳು ಹೀಟ್‌ಸಿಂಕ್ ಇಲ್ಲದೆ ಓಡಿಸಿದಾಗ ಹೀಗೆ ನಿಂತುಹೋಗಿದ್ದವು. ನಿಲ್ಲುವ ಬದಲು ನಿಧಾನವಾಗುವಂತೆ ಹೊಸ ಫರ್ಮ್‌ವೇರ್‌ನಲ್ಲಿ ತಿದ್ದುಪಡಿ ಬಂತು. ಆಮೇಲಿನ ಕಂಟ್ರೋಲರ್‌ಗಳು 6 ನ್ಯಾನೊಮೀಟರ್‌ನಂಥ ಸೂಕ್ಷ್ಮ ತಯಾರಿಕಾ ಕ್ರಮಕ್ಕೆ ಇಳಿದು ವಿದ್ಯುತ್ ಬಳಕೆ ತಗ್ಗಿಸಿದ ಮೇಲೆ ಈ ಪೀಳಿಗೆ ಲ್ಯಾಪ್‌ಟಾಪ್‌ಗೆ ಹೊಂದುವ ಸ್ಥಿತಿಗೆ ಬಂತು.

ಉಷ್ಣತೆಯನ್ನು ಓದುವುದು

ಎನ್‌ವಿಎಂಇ ಡ್ರೈವ್ ತನ್ನ ಉಷ್ಣತೆಯನ್ನು ಕೆಲ್ವಿನ್ ಮಾನದಲ್ಲಿ ಹೇಳುತ್ತದೆ. ಡ್ರೈವ್ 333 ಎಂದರೆ ತಂತ್ರಾಂಶ 273 ಕಳೆದು 60 ಡಿಗ್ರಿ ಎಂದು ತೋರಿಸುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಡ್ರೈವ್‌ನ ಆರೋಗ್ಯದ ವಿವರದೊಂದಿಗೆ ಈ ಅಂಕಿ ಸಿಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವೂ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಮತ್ತು ಎನ್‌ವಿಎಂಇ ಸಿಎಲ್‌ಐ ಬಳಕೆಯಲ್ಲಿವೆ. 2020ರ ಆರಂಭದಲ್ಲಿ ಬಂದ ಲಿನಕ್ಸ್ 5.5 ಕರ್ನಲ್‌ನಿಂದೀಚೆಗೆ ಪ್ರೊಸೆಸರ್‌ನ ಉಷ್ಣತೆ ಓದುವ ಸಾಮಾನ್ಯ ಸಾಧನಗಳಲ್ಲೇ ಎಸ್‌ಎಸ್‌ಡಿಯದೂ ಕಾಣುತ್ತದೆ.

ಇಲ್ಲಿ ಗೊಂದಲಕ್ಕೆ ಹೆಚ್ಚು ಎಡೆಮಾಡುವುದು ಒಂದಕ್ಕಿಂತ ಹೆಚ್ಚು ಅಂಕಿಗಳು ಕಾಣುವುದು. ಒಂದು ಡ್ರೈವ್‌ನಲ್ಲಿ ಎಂಟರವರೆಗೆ ಸಂವೇದಕಗಳಿರಲು ಮಾನದಂಡ ಅವಕಾಶ ಕೊಡುತ್ತದೆ. ಅವೆಲ್ಲವುಗಳ ಆಧಾರದ ಮೇಲೆ ತಯಾರಕರು ತಮ್ಮದೇ ಸೂತ್ರದಿಂದ ಒಂದು ಸಂಯುಕ್ತ ಉಷ್ಣತೆಯನ್ನು ಲೆಕ್ಕಹಾಕುತ್ತಾರೆ. ಸಂಯುಕ್ತ ಅಂಕಿ 52 ಇದ್ದು ಎರಡನೇ ಸಂವೇದಕ 71 ತೋರಿಸಿದರೆ, ಆ ಎರಡನೆಯದು ಸಾಮಾನ್ಯವಾಗಿ ಕಂಟ್ರೋಲರ್‌ನದು. ಎಚ್ಚರಿಕೆ ಮತ್ತು ಗಂಭೀರ ಮಿತಿಗಳನ್ನು ಹೋಲಿಸಬೇಕಾದದ್ದು ಸಂಯುಕ್ತ ಅಂಕಿಯೊಂದಿಗೆ. ಕೆಲವು ಅಗ್ಗದ ಸಾಟಾ ಡ್ರೈವ್‌ಗಳದು ಇನ್ನೊಂದು ಬಗೆ. ಅವುಗಳಲ್ಲಿ ಸಂವೇದಕವೇ ಇಲ್ಲದೆ ಚಳಿಗಾಲ ಬೇಸಿಗೆ ಎನ್ನದೆ ಒಂದೇ ಅಂಕಿ ಕಾಣುತ್ತಿರುತ್ತದೆ.

ಕ್ಷಣದ ಅಂಕಿಗಿಂತ ಹೆಚ್ಚು ಹೇಳುವುದು ಡ್ರೈವ್ ತಾನೇ ಬರೆದಿಡುವ ದಾಖಲೆ. ಎಚ್ಚರಿಕೆಯ ಮಿತಿಯ ಮೇಲೆ ಎಷ್ಟು ನಿಮಿಷ ಕಳೆಯಿತು, ಗಂಭೀರ ಮಿತಿಯ ಮೇಲೆ ಎಷ್ಟು ನಿಮಿಷ ಎಂಬ ಎರಡು ಲೆಕ್ಕಗಳು ಅದರಲ್ಲಿರುತ್ತವೆ. ಎರಡು ವರ್ಷ ಬಳಸಿದ ಲ್ಯಾಪ್‌ಟಾಪಿನಲ್ಲಿ ಎರಡೂ ಸೊನ್ನೆ ಇದ್ದರೆ, ಎಂದೋ ಒಮ್ಮೆ 68 ಕಂಡದ್ದಕ್ಕೆ ಕಳವಳಪಡಬೇಕಾಗಿಲ್ಲ. ಆ ಲೆಕ್ಕ ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ ಮಾತ್ರ ಯಂತ್ರದ ಒಳಗೆ ಏನೋ ಸರಿಯಿಲ್ಲವೆಂದು ಅರ್ಥ. ಹಾರ್ಡ್ ಡಿಸ್ಕ್ ಕಾಲದ ಅಳತೆಗೋಲನ್ನು ಇಲ್ಲಿ ಬಳಸುವುದೂ ತಪ್ಪು ದಾರಿ ಹಿಡಿಸುತ್ತದೆ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್‌ಗಳ ಮಿತಿ ಸಾಮಾನ್ಯವಾಗಿ 60 ಡಿಗ್ರಿ ಇದ್ದುದರಿಂದ 50 ಕಂಡರೆ ಎಚ್ಚರಗೊಳ್ಳುವ ರೂಢಿ ಆಗ ಬೆಳೆದಿತ್ತು. ಎಸ್‌ಎಸ್‌ಡಿಗೆ 50 ಎಂಬುದು ದಿನನಿತ್ಯದ ಮಾತು.

ಮೆಮೊರಿ ಕೋಶಗಳ ಮೇಲೆ ಪರಿಣಾಮ

ನ್ಯಾಂಡ್ ಕೋಶದಲ್ಲಿ ಮಾಹಿತಿ ಎಂದರೆ ತೆಳು ನಿರೋಧಕ ಪದರಗಳ ನಡುವೆ ಕೂಡಿಹಾಕಿದ ಎಲೆಕ್ಟ್ರಾನುಗಳು. ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದರ ಮೇಲೆ ಕೋಶದ ವೋಲ್ಟೇಜ್ ಮಟ್ಟ, ಮಟ್ಟದ ಮೇಲೆ ಬಿಟ್‌ಗಳ ಬೆಲೆ ನಿಂತಿದೆ. ಟಿಎಲ್‌ಸಿ ಕೋಶದಲ್ಲಿ ಮೂರು ಬಿಟ್‌ಗಳಿಗಾಗಿ 8 ಮಟ್ಟಗಳನ್ನೂ ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್‌ಗಳಿಗಾಗಿ 16 ಮಟ್ಟಗಳನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಬಿಸಿ ಹೆಚ್ಚಿದಷ್ಟೂ ಎಲೆಕ್ಟ್ರಾನುಗಳು ಪದರ ದಾಟಿ ಸೋರುವುದು ಹೆಚ್ಚು. ಮಟ್ಟಗಳು ಒಂದರ ಮೇಲೊಂದು ಜಾರಿದಾಗ ಓದಿನಲ್ಲಿ ತಪ್ಪುಗಳು ಕೂಡುತ್ತವೆ. ಕಂಟ್ರೋಲರ್ ಬೇರೆ ಬೇರೆ ವೋಲ್ಟೇಜಿನಲ್ಲಿ ಮತ್ತೆ ಮತ್ತೆ ಓದಿ ತಪ್ಪು ತಿದ್ದುತ್ತದೆ. ಬಳಕೆದಾರನಿಗೆ ಅದು ಹಳೆಯ ಕಡತ ನಿಧಾನವಾಗಿ ತೆರೆದಂತೆ ಕಾಣುತ್ತದೆ. ಒಂದು ಉಷ್ಣತೆಯಲ್ಲಿ ಬರೆದು ತೀರಾ ಬೇರೆ ಉಷ್ಣತೆಯಲ್ಲಿ ಓದಿದರೂ ಇಂಥ ತಪ್ಪುಗಳು ಹೆಚ್ಚುತ್ತವೆ.

ಆದರೆ ಇದೇ ಬಿಸಿಗೆ ಇನ್ನೊಂದು ಮುಖವಿದೆ. ಬರೆದು ಅಳಿಸುವ ಪ್ರತಿ ಸುತ್ತಿನಲ್ಲೂ ನಿರೋಧಕ ಪದರಕ್ಕೆ ಸಣ್ಣ ಗಾಯವಾಗಿ ಎಲೆಕ್ಟ್ರಾನುಗಳು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತವೆ. ಸ್ವಲ್ಪ ಬೆಚ್ಚಗಿದ್ದಾಗ ಹೀಗೆ ಸಿಕ್ಕಿದವು ಬಿಡಿಸಿಕೊಂಡು ಗಾಯ ಮಾಯುವುದು ಬೇಗ. ತೈವಾನಿನ ಮ್ಯಾಕ್ರಾನಿಕ್ಸ್ ಕಂಪನಿ 2012ರಲ್ಲಿ ಫ್ಲ್ಯಾಶ್ ಕೋಶದ ಪಕ್ಕದಲ್ಲೇ ಸೂಕ್ಷ್ಮ ಹೀಟರ್ ಇಟ್ಟು, ಕೆಲವು ಮಿಲಿಸೆಕೆಂಡ್ ಕಾಲ 800 ಡಿಗ್ರಿಗೆ ಬಿಸಿ ಮಾಡಿ, ಕೋಶಗಳು 10 ಕೋಟಿ ಸುತ್ತು ತಾಳುವಂತೆ ಮಾಡಿ ತೋರಿಸಿತು. ಕೋಶಗಳ ಪದರಗಳನ್ನು ಮಹಡಿಯಂತೆ ಪೇರಿಸಿದ ತ್ರೀಡಿ ನ್ಯಾಂಡ್‌ನಲ್ಲಿ ಉಷ್ಣತೆ ಮತ್ತು ಈ ಸ್ವಯಂ ಚೇತರಿಕೆಯ ಸಂಬಂಧವನ್ನು 2018ರಲ್ಲಿ ಪ್ರಕಟವಾದ ಹೀಟ್‌ವಾಚ್ ಎಂಬ ಸಂಶೋಧನೆ ಅಳೆದು, ಡ್ರೈವ್ ತನ್ನ ಉಷ್ಣತೆಯ ಇತಿಹಾಸವನ್ನು ನೆನಪಿಟ್ಟು ಅದಕ್ಕೆ ತಕ್ಕ ವೋಲ್ಟೇಜಿನಲ್ಲಿ ಓದುವ ಕ್ರಮವನ್ನು ಸೂಚಿಸಿತು.

ನಿಜ ಬಳಕೆಯ ಡ್ರೈವ್‌ಗಳ ಬಗೆಗೆ ದೊಡ್ಡ ಪ್ರಮಾಣದ ಅಧ್ಯಯನ 2015ರಲ್ಲಿ ಬಂತು. ಫೇಸ್‌ಬುಕ್‌ನ ದತ್ತಾಂಶ ಕೇಂದ್ರಗಳ ಎಸ್‌ಎಸ್‌ಡಿಗಳನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಆ ಕಂಪನಿಯ ಸಂಶೋಧಕರು ಕೂಡಿ ಪರಿಶೀಲಿಸಿದರು. ಉಷ್ಣತೆ ಏರಿದಂತೆ ವೈಫಲ್ಯ ಏರುವುದು ಅಲ್ಲಿ ಕಂಡಿತು. ಅದು ಎದ್ದು ಕಂಡದ್ದು ಬಿಸಿಯಾದಾಗ ವೇಗ ತಗ್ಗಿಸುವ ವ್ಯವಸ್ಥೆಯಿಲ್ಲದ ಡ್ರೈವ್‌ಗಳಲ್ಲಿ. ಬಳಕೆದಾರ ಶಾಪ ಹಾಕುವ ಥ್ರಾಟ್ಲಿಂಗ್ ಡ್ರೈವ್‌ನ ಆಯುಷ್ಯ ಕಾಯುವ ಕಾವಲುಗಾರನೂ ಹೌದು ಎಂಬುದಕ್ಕೆ ಇದು ಸಾಕ್ಷಿ.

ಬಿಸಿಯ ಕಾರಣ ಪತ್ತೆ

ಕಾರಣ ಹುಡುಕುವಾಗ ಮೊದಲು ನೋಡಬೇಕಾದದ್ದು ಬಿಸಿ ಡ್ರೈವ್‌ನದೇ ಅಥವಾ ಯಂತ್ರದ್ದೇ ಎಂಬುದು. ಪ್ರೊಸೆಸರ್ ಮತ್ತು ಎಸ್‌ಎಸ್‌ಡಿ ಒಟ್ಟಿಗೆ ಏರುತ್ತಿದ್ದರೆ ಫ್ಯಾನಿನಲ್ಲಿ ಕಟ್ಟಿದ ಧೂಳು, ಹಾಸಿಗೆ ದಿಂಬಿನ ಮೇಲಿಟ್ಟು ಗಾಳಿಕಂಡಿ ಮುಚ್ಚಿಹೋದದ್ದು ಅಥವಾ ಆಟದ ಹೊರೆ ಕಾರಣವಾಗಿರುತ್ತದೆ. ಪ್ರೊಸೆಸರ್ ತಣ್ಣಗಿದ್ದು ಎಸ್‌ಎಸ್‌ಡಿ ಮಾತ್ರ ಬಿಸಿಯಿದ್ದರೆ ಅದಕ್ಕೆ ಎಡೆಬಿಡದೆ ಕೆಲಸ ಕೊಡುತ್ತಿರುವವರಾರು ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಬೇಕು. ಕಡತಗಳ ಸೂಚಿ ಕಟ್ಟುವ ಸೇವೆ, ಆಂಟಿವೈರಸ್‌ನ ಪೂರ್ಣ ತಪಾಸಣೆ, ಕ್ಲೌಡ್‌ಗೆ ಕಡತ ಹೊಂದಿಸುವ ತಂತ್ರಾಂಶ, ಮೆಮೊರಿ ಸಾಲದೆ ಡ್ರೈವ್‌ಗೆ ಬರೆದು ಓದುವ ಪರದಾಟ ಸಾಮಾನ್ಯ ಕಾರಣಗಳು. 8 ಗಿಗಾಬೈಟ್ ಮೆಮೊರಿಯ ಯಂತ್ರದಲ್ಲಿ ಹತ್ತಾರು ಬ್ರೌಸರ್ ಟ್ಯಾಬ್ ತೆರೆದಿಟ್ಟರೆ ಎಸ್‌ಎಸ್‌ಡಿಗೆ ಬಿಡುವೇ ಸಿಗದು.

ಯಾವ ಕೆಲಸವೂ ಇಲ್ಲದಿದ್ದರೂ ಬಿಸಿ ಇಳಿಯದಿದ್ದರೆ ಡ್ರೈವ್ ನಿದ್ರೆಗೆ ಇಳಿಯುತ್ತಿಲ್ಲವೆಂದು ಊಹಿಸಬಹುದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪಿಸಿಐಇ ಸಂಪರ್ಕದ ವಿದ್ಯುತ್ ಉಳಿತಾಯ ಆಫ್ ಆಗಿದ್ದರೆ ಹೀಗಾಗುತ್ತದೆ. ಸೆಕೆಂಡಿಗೊಮ್ಮೆ ಉಷ್ಣತೆ ಕೇಳುವ ತಂತ್ರಾಂಶವೂ ಕೆಲವು ಡ್ರೈವ್‌ಗಳನ್ನು ಎಚ್ಚರವಾಗಿಯೇ ಇರಿಸುತ್ತದೆ. ಬಿಸಿ ನೋಡಲೆಂದು ಇಟ್ಟುಕೊಂಡದ್ದೇ ಬಿಸಿಗೆ ಕಾರಣವಾಗುವ ಪ್ರಸಂಗ ಅದು. ಮುಚ್ಚಳ ಮುಚ್ಚಿದರೂ ಪೂರ್ತಿ ಮಲಗದ ಹೊಸ ಬಗೆಯ ಸ್ಟ್ಯಾಂಡ್‌ಬೈನಲ್ಲಿ ಯಂತ್ರ ಬ್ಯಾಗಿನೊಳಗೇ ಎದ್ದು ಅಪ್‌ಡೇಟ್ ಇಳಿಸಲು ತೊಡಗಿ ಸುಡುಸುಡು ಆಗುವುದೂ ಇದೆ. ಪ್ರಯಾಣಕ್ಕೆ ಮುಂಚೆ ಶಟ್ ಡೌನ್ ಅಥವಾ ಹೈಬರ್ನೇಟ್ ಮಾಡಿದರೆ ಈ ತೊಂದರೆ ಇಲ್ಲ.

ತಣಿಸುವ ಕ್ರಮಗಳು

ಲ್ಯಾಪ್‌ಟಾಪಿನಲ್ಲಿ ಹೆಚ್ಚು ಫಲ ಕೊಡುವುದು ಶಾಖಕ್ಕೆ ಹೊರಹೋಗುವ ದಾರಿ ಮಾಡಿಕೊಡುವುದು. ಡ್ರೈವ್ ಮತ್ತು ತಳಮುಚ್ಚಳದ ನಡುವಿನ ಸಂದಿಯನ್ನು ಥರ್ಮಲ್ ಪ್ಯಾಡ್‌ನಿಂದ ತುಂಬಿದರೆ ಮುಚ್ಚಳವೇ ಹೀಟ್‌ಸಿಂಕ್ ಆಗುತ್ತದೆ. ಮುಚ್ಚಳ ಅಲ್ಯುಮಿನಿಯಂನದಾದರೆ ಲಾಭ ಹೆಚ್ಚು, ಪ್ಲಾಸ್ಟಿಕ್ ಆದರೆ ಕಡಿಮೆ. ಪ್ಯಾಡ್‌ನ ದಪ್ಪ ಸರಿಯಾಗಿರುವುದು ಇಲ್ಲಿ ಮುಖ್ಯ. ತೆಳುವಾದರೆ ಮುಚ್ಚಳಕ್ಕೆ ತಾಗುವುದಿಲ್ಲ, ದಪ್ಪವಾದರೆ ಸ್ಕ್ರೂ ಬಿಗಿದಾಗ ಪಟ್ಟಿ ಬಾಗಿ ಚಿಪ್‌ಗಳ ಬೆಸುಗೆಗೆ ಅಪಾಯ. ಮಕ್ಕಳು ಆಡುವ ಮೆತ್ತನೆಯ ಬಣ್ಣದ ಮಣ್ಣನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಡ್ರೈವ್ ಮೇಲಿಟ್ಟು, ಮುಚ್ಚಳ ಹಾಕಿ ತೆಗೆದು, ಚಪ್ಪಟೆಯಾದ ಮಣ್ಣಿನ ದಪ್ಪ ಅಳೆದರೆ ಸಂದಿ ಎಷ್ಟೆಂದು ತಿಳಿಯುತ್ತದೆ. ಪ್ಯಾಡ್‌ನ ಎರಡೂ ಬದಿಯ ರಕ್ಷಣಾ ಹಾಳೆಯನ್ನು ಸುಲಿದು ಹಾಕಬೇಕು; ಒಂದನ್ನು ಮರೆತು ಹಾಕಿ ಪ್ಯಾಡ್ ಕೆಲಸ ಮಾಡುತ್ತಿಲ್ಲವೆಂದು ದೂರುವುದು ರಿಪೇರಿ ಅಂಗಡಿಗಳಿಗೆ ಹೊಸತಲ್ಲ. ಡ್ರೈವ್‌ನ ಮೇಲಿನ ಹೆಸರುಚೀಟಿ ಕಿತ್ತರೆ ವಾರಂಟಿ ಹೋಗಬಹುದು, ಪ್ಯಾಡನ್ನು ಅದರ ಮೇಲೆಯೇ ಕೂರಿಸಬಹುದು.

ಪ್ಯಾಡ್‌ನಿಂದ ಬಿಸಿ ಮಾಯವಾಗದು, ಜಾಗ ಬದಲಿಸುತ್ತದೆ ಅಷ್ಟೆ. ಡ್ರೈವ್ ತಣ್ಣಗಾದಷ್ಟು ತಳ ಬೆಚ್ಚಗಾಗುತ್ತದೆ. ಮುಟ್ಟುವ ಮೇಲ್ಮೈ ಸುಡಬಾರದೆಂದು ತಯಾರಕರು ಕೆಲವು ಕಡೆ ಸಂದಿಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ತೊಡೆಯ ಮೇಲಿಟ್ಟು ಕೆಲಸ ಮಾಡುವವರು ಇದನ್ನು ಗಮನದಲ್ಲಿಡಬೇಕು.

ಡ್ರೈವ್ ಬದಲಿಸುವವರು ಅತಿ ವೇಗದ್ದನ್ನೇ ಆರಿಸಬೇಕೆಂದಿಲ್ಲ. ಡಿರ್‍ಯಾಮ್ ಚಿಪ್ ಇಲ್ಲದೆ ಗಣಕದ ಮೆಮೊರಿಯನ್ನೇ ಸ್ವಲ್ಪ ಎರವಲು ಪಡೆಯುವ ಡ್ರೈವ್‌ಗಳು ಸಾಮಾನ್ಯವಾಗಿ ಕಡಿಮೆ ವಿದ್ಯುತ್ ಬಳಸುತ್ತವೆ. ಕಚೇರಿ ಕೆಲಸ, ಬ್ರೌಸಿಂಗ್, ಓದು ಬರಹಕ್ಕೆ ಅವು ಧಾರಾಳ ಸಾಕು. ಮೂರನೇ ಪೀಳಿಗೆಯ ಸ್ಲಾಟ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಐದನೇ ಪೀಳಿಗೆಯ ಡ್ರೈವ್ ಹಾಕಿದರೆ ವೇಗ ಮೂರನೆಯದರಷ್ಟೇ ಸಿಗುತ್ತದೆ. ಹಾಕುವ ಮೊದಲು ಒಂದೇ ಬದಿಯದೇ, ಉದ್ದ ಸರಿಹೋಗುತ್ತದೆಯೇ ಎಂದು ನೋಡಿಕೊಳ್ಳಬೇಕು. 2022ರಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಎಂಬ ಅಂಗೈ ಗಣಕಕ್ಕೆ ಕೆಲವರು 2230ರ ಬದಲು ಉದ್ದನೆಯ 2242 ಡ್ರೈವ್ ತುರುಕಿದಾಗ, ಅಂಥ ಡ್ರೈವ್‌ಗಳು ಹೆಚ್ಚು ವಿದ್ಯುತ್ ಎಳೆದು ಹೆಚ್ಚು ಬಿಸಿಯಾಗುತ್ತವೆಂದೂ, ಜಾಗಕ್ಕಾಗಿ ಪಕ್ಕದ ಥರ್ಮಲ್ ಪ್ಯಾಡ್ ಸರಿಸಬಾರದೆಂದೂ ಕಂಪನಿಯ ವಿನ್ಯಾಸಕಾರರೇ ಎಚ್ಚರಿಸಬೇಕಾಯಿತು.

ಬೇಸಿಗೆ ಮತ್ತು ಬಳಸದೆ ಇಟ್ಟ ಡ್ರೈವ್

ಕೋಣೆ ಒಂದು ಡಿಗ್ರಿ ಬಿಸಿಯಾದರೆ ಒಳಗಿನ ಡ್ರೈವ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 62ಕ್ಕೆ ನಿಲ್ಲುವ ಡ್ರೈವ್, ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ ರಾಯಚೂರುಗಳ 40 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ 77 ಮುಟ್ಟಿ ವೇಗಕಡಿತದ ಅಂಚಿಗೆ ಬರುತ್ತದೆ. ಬೇಸಿಗೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ನಿಧಾನಗತಿಗೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಲ್ಯಾಪ್‌ಟಾಪಿನ ಹಿಂಬದಿ ಎತ್ತಿಟ್ಟು ತಳಕ್ಕೆ ಗಾಳಿಯಾಡುವಂತೆ ಮಾಡಿದರೂ ಒಂದಿಷ್ಟು ಇಳಿಯುತ್ತದೆ.

ಡೇಟಾಗೆ ನಿಜವಾದ ಅಪಾಯ ಇರುವುದು ಡ್ರೈವ್ ವಿದ್ಯುತ್ತಿಲ್ಲದೆ ಬಿಸಿಯಲ್ಲಿ ಬಿದ್ದಿರುವಾಗ. ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ, ದಿನಕ್ಕೆ 8 ಗಂಟೆಯಂತೆ 40 ಡಿಗ್ರಿಯಲ್ಲಿ ದುಡಿದು ತನ್ನ ಬರವಣಿಗೆಯ ಆಯುಷ್ಯ ಪೂರ್ತಿ ಮುಗಿಸಿದ ಮೇಲೂ, 30 ಡಿಗ್ರಿಯಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಅದೇ ಲೆಕ್ಕವನ್ನು 40 ಡಿಗ್ರಿಯ ಜಾಗಕ್ಕೆ ಹಚ್ಚಿದರೆ 52 ವಾರ ಇದ್ದದ್ದು ಸುಮಾರು 14 ವಾರಕ್ಕೂ, 55 ಡಿಗ್ರಿಗೆ ಹಚ್ಚಿದರೆ ಎರಡು ವಾರದ ಆಸುಪಾಸಿಗೂ ಇಳಿಯುತ್ತದೆ. 2015ರಲ್ಲಿ ಈ ಲೆಕ್ಕಗಳ ಕೋಷ್ಟಕವನ್ನು ತಪ್ಪಾಗಿ ಓದಿ, ಯಾವುದೇ ಎಸ್‌ಎಸ್‌ಡಿ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆಂಬ ಸುದ್ದಿ ಜಗತ್ತಿನಾದ್ಯಂತ ಹರಡಿತ್ತು. ಕೋಷ್ಟಕ ಹೇಳುವುದು ಪೂರ್ತಿ ಸವೆದ ಡ್ರೈವ್‌ಗಳ ಮಾತು. ಸವೆಯದ ಡ್ರೈವ್ ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿದಿಡುತ್ತದೆ. ಹಾಗಿದ್ದರೂ ಕೋಷ್ಟಕ ತೋರುವ ದಿಕ್ಕು ಸುಳ್ಳಲ್ಲ.

ಮೇಜಿನ ಮೇಲೆ ಓಡುತ್ತಾ 70 ಡಿಗ್ರಿ ತೋರಿಸುವ ಡ್ರೈವ್‌ಗೆ ತಪ್ಪು ತಿದ್ದುವ ಕಂಟ್ರೋಲರ್ ಇದೆ, ವೇಗ ತಗ್ಗಿಸುವ ಫರ್ಮ್‌ವೇರ್ ಇದೆ, ಸೋರುತ್ತಿರುವ ಕೋಶಗಳನ್ನು ಗುರುತಿಸಿ ಹೊಸದಾಗಿ ಬರೆದಿಡುವ ಅವಕಾಶವಿದೆ. ಶೀಟಿನ ಮಾಡಿನ ಕೋಣೆಯ ಅಟ್ಟದಲ್ಲಿ, ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪಿನೊಳಗೆ, ಮಗುವಿನ ನಾಮಕರಣದ ಫೋಟೊಗಳನ್ನು ಹೊತ್ತು ಎರಡು ಬೇಸಿಗೆ ಕಳೆದ ಡ್ರೈವ್‌ಗೆ ಇವು ಯಾವುದೂ ಇಲ್ಲ. ಅಲ್ಲಿನ ಬಿಸಿಯನ್ನು ಯಾವ ಪರದೆಯೂ ತೋರಿಸುವುದಿಲ್ಲ. ಅಂಥ ಯಂತ್ರವನ್ನು ತಂಪಾದ ಜಾಗದಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಆನ್ ಮಾಡಿ ಕಡತಗಳನ್ನು ತೆರೆದು ನೋಡುವುದು, ಬೇಕಾದದ್ದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆ.